ಮುಂಗಾರಿಗೆ ಕಾದು ಕೂತ ಕೊಬ್ಬು

ಮಹಾಬಳೇಶ್ವರದ ಬೆಟ್ಟಗಳಲ್ಲಿ ಮಳೆ ಹಿಡಿದರೆ ಸಾಕು, ಇತ್ತ ಕಾಗವಾಡ ತಾಲ್ಲೂಕಿನ ಜುಗೂಳ, ಉಗಾರದ ದಂಡೆಗಳಲ್ಲಿ ಕೃಷ್ಣೆ ಏರತೊಡಗುತ್ತಾಳೆ. ಆ ಮಳೆ ಹೊತ್ತು ತರುವ ನೈರುತ್ಯ ಗಾಳಿ ನಮ್ಮನ್ನು ಮುಟ್ಟುವ ಮೊದಲೇ, ಅರಬ್ಬಿ ಸಮುದ್ರದ ಆಚೆ ದಡದಲ್ಲಿ, ಸೊಮಾಲಿಯಾದ ಕರಾವಳಿಯಲ್ಲಿ, ಇನ್ನೊಂದು ಅದ್ಭುತ ಮಾಡಿ ಬಂದಿರುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ!

ಅಲ್ಲಿ ಗಾಳಿ ಮೇಲಿನ ನೀರನ್ನು ದಡದಿಂದ ದೂರ ತಳ್ಳುತ್ತದೆ. ಆ ಜಾಗಕ್ಕೆ ತಳದ ತಂಪು, ಸತ್ವಭರಿತ ನೀರು ಉಕ್ಕಿಬಂದು ಸೂಕ್ಷ್ಮ ಪಾಚಿ ಹುಲುಸಾಗುತ್ತದೆ. ಆಗ ಆಳದಿಂದ ಎದ್ದು ಬರುತ್ತದೆ ಎಳ್ಳುಕಾಳಿನಷ್ಟು ಉದ್ದದ ಒಂದು ಜೀವ: ಕ್ಯಾಲನಾಯ್ಡಿಸ್ ಎಂಬ ಕೋಪೆಪಾಡ್, ಸಿಗಡಿಯ ದೂರದ ನೆಂಟ. ಮೇಯುತ್ತದೆ, ಮರಿ ಮಾಡುತ್ತದೆ. ಮರಿಗಳು ಕೊಬ್ಬು ಕೂಡಿಸಿಕೊಳ್ಳುತ್ತವೆ. ಗಾಳಿ ತಗ್ಗುವ ಹೊತ್ತಿಗೆ, ಪ್ರಾಯಕ್ಕೆ ಬರಲು ಒಂದೇ ಪೊರೆ ಕಳಚುವುದು ಬಾಕಿಯಿರುವಾಗ, 500 ಮೀಟರಿಗಿಂತ ಕೆಳಗಿನ ಕತ್ತಲಿಗಿಳಿದು ಸುಪ್ತವಾಗುತ್ತವೆ. ತಿಂಗಳುಗಟ್ಟಲೆ ಉಪವಾಸ! ಬೇಕಾದ ಆಳದಲ್ಲಷ್ಟೇ ಬಾಯಿ ತೆರೆದು ಮುಚ್ಚುವ ಬಲೆಗಳಿಂದ ವಿಜ್ಞಾನಿಗಳು ಈ ಗುಟ್ಟು ಹಿಡಿದರು.

ಉಪವಾಸಕ್ಕೆ ಬಂಡವಾಳ, ಪಾರದರ್ಶಕ ಮೈಯೊಳಗೆ ಉದ್ದಕ್ಕೂ ಮಲಗಿರುವ ಎಣ್ಣೆಯ ಚೀಲ. ಕ್ಯಾಲನಾಯ್ಡಿಸ್‌ನ ಬಂಧು, ಉತ್ತರದ ಚಳಿಗಡಲಿನ ಕ್ಯಾಲನಸ್‌ನಲ್ಲಂತೂ ಒಣ ತೂಕದ ಅರ್ಧಕ್ಕೂ ಹೆಚ್ಚು ಕೊಬ್ಬೇ ಇರಬಲ್ಲದು! ಅದು ಮೇಣದಂಥ ಎಣ್ಣೆ. ಒತ್ತಡಕ್ಕೆ ಸಮುದ್ರದ ನೀರಿಗಿಂತ ಹೆಚ್ಚು ಕುಗ್ಗುತ್ತದೆ. ಹಾಗಾಗಿ ಮೇಲೆ ತೇಲಿಸುವ ಕೊಬ್ಬು ಆಳದಲ್ಲಿ ಅಷ್ಟಾಗಿ ಮೇಲಕ್ಕೆಳೆಯುವುದಿಲ್ಲ.

ಗಾತ್ರದ ಲೆಕ್ಕ ಇನ್ನೂ ಬೆರಗಿನದು. ಆಕಾರ ಹಾಗೆಯೇ ಇದ್ದು ಉದ್ದ ಇಮ್ಮಡಿಯಾದರೆ ಮೈಯ ಘನಗಾತ್ರ ಎಂಟು ಪಟ್ಟಾಗುತ್ತದೆ. ಸುಮಾರು 3 ಮಿಲಿಮೀಟರಿನ ಕ್ಯಾಲನಸ್ ಫಿನ್‌ಮಾರ್ಕಿಕಸ್ ಎಲ್ಲಿ, 6–7 ಮಿಲಿಮೀಟರಿನ ಆರ್ಕ್ಟಿಕ್‌ನ ಕ್ಯಾಲನಸ್ ಹೈಪರ್ಬೋರಿಯಸ್ ಎಲ್ಲಿ! ಆ ಚಿಕ್ಕದನ್ನೇ ಮುಖ್ಯ ಆಹಾರವಾಗಿ ಉಂಡು ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲ ಬದುಕುತ್ತದೆ. ಅಷ್ಟೇ ಅಲ್ಲ: ಆಳದಲ್ಲಿ ಕೊಬ್ಬು ಕರಗಿಸಿ ಉಸಿರಾಡುವ ಈ ಕೋಪೆಪಾಡ್‌ಗಳು ಗಾಳಿಯ ಇಂಗಾಲವನ್ನು ಕಡಲಾಳದಲ್ಲೇ ಬಿಡುತ್ತವೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ನೀರು ಬೆಚ್ಚಗಾದಷ್ಟೂ ಕೋಪೆಪಾಡ್‌ಗಳು ಚಿಕ್ಕ ಮೈಯಲ್ಲೇ ಪ್ರಾಯಕ್ಕೆ ಬರುತ್ತವೆ. ಮೈ ಚಿಕ್ಕದಾದರೆ ಎಣ್ಣೆಗೆ ಜಾಗವೂ ಕಡಿಮೆ. ಆದ್ದರಿಂದ ಕಡಲಿನ ಸಿರಿ ಅಳೆಯುವವರು ಎಷ್ಟು ಜೀವಿಗಳಿವೆ ಎಂದಷ್ಟೇ ಎಣಿಸಿದರೆ ಸಾಲದು. ಒಂದೊಂದೂ ಎಷ್ಟು ಉದ್ದ, ಒಳಗೆಷ್ಟು ಕೊಬ್ಬು ಎಂದೂ ನೋಡಬೇಕು. ತಿಮಿಂಗಿಲದ ಹೊಟ್ಟೆ ತುಂಬುವುದು ಎಣಿಕೆಯಿಂದಲ್ಲ, ಆ ಎಣ್ಣೆಯಿಂದ.