ಒಂದು ಕಾಲು ಖಾಲಿ ಮಾಡುವುದು

ಹೋದ ವರ್ಷ ತುಮಕೂರಿನ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಬಿದ್ದೆ. ಜಾರಲಿಲ್ಲ, ಎಡವಲೂ ಇಲ್ಲ. ತಂತಿಗೆ ಕೈ ಎತ್ತಿದವಳು ಕೆಳಗಿನಿಂದ ಯಾರೋ ಕೂಗಿದರೆಂದು ಕತ್ತು ತಿರುಗಿಸಿದೆ, ಅಷ್ಟೇ. ಮೂಳೆ ಮುರಿಯಲಿಲ್ಲ. ಆದರೆ ಅಂದಿನಿಂದ ಗೋಡೆ ಸವರಿಕೊಂಡೇ ಓಡಾಟ. ನನಗೀಗ ಎಪ್ಪತ್ತಮೂರು.

ಅಮೆರಿಕದ ಒರೆಗಾನ್‌ನಲ್ಲಿರುವ ಮಗನ ಮನೆಗೆ ಬಂದಾಗ ಸೊಸೆ ಅದನ್ನು ಗಮನಿಸಿದಳು. "ಅತ್ತೆ, ಒಂದು ದಿನ ನೋಡಿ, ಬೇಡವಾದರೆ ಬಿಡಿ" ಎಂದು ತಾಯ್ ಚಿ ಕ್ಲಾಸಿಗೆ ಕರೆದೊಯ್ದಳು. ಚೀನಾದ ಕಾದಾಟದ ಕಲೆಯಂತೆ ಎಂದು ಅಳುಕಿದ್ದೆ. ಅಲ್ಲಿದ್ದವರು ನನ್ನಂಥ ಹತ್ತು ಹನ್ನೆರಡು ಮುದುಕ ಮುದುಕಿಯರು, ಪಕ್ಕದಲ್ಲೊಂದೊಂದು ಕುರ್ಚಿ.

ಮೊದಲ ಪಾಠವೇ ವಿಚಿತ್ರ. ಪಾದ ಕದಲಿಸದೆ, ಸೊಂಟ ಮುರಿಯದೆ, ಕಣಕಾಲಿನಿಂದಲೇ ಇಡೀ ಮೈಯನ್ನು ಮುಂದಕ್ಕೆ ಓಲಿಸಬೇಕು. ಇನ್ನೇನು ಬಿದ್ದೆ ಅನ್ನುವಾಗ ಹಿಂದಕ್ಕೆ ಬರಬೇಕು. ಬೀಳಬಾರದೆಂದು ಬಂದವಳನ್ನು ಬೀಳುವ ಅಂಚಿಗೇ ಕಳಿಸುತ್ತಾರಲ್ಲ! ಗುಟ್ಟು ಇರುವುದು ಅಲ್ಲೇ. ಕಣ್ಣು, ಒಳಗಿವಿ, ಅಂಗಾಲು ಮತ್ತು ಕೀಲುಗಳು ಕೊಡುವ ಸುದ್ದಿಯಿಂದ ಮೈ ನೆಟ್ಟಗಿರುತ್ತದೆ. ವಯಸ್ಸಾದಂತೆ ಇವೆಲ್ಲ ಮಂಕಾಗುತ್ತವೆ. ಅದರ ಮೇಲೆ ಹೆದರಿಕೆಯಿಂದ ಮೈ ಬಿಗಿಹಿಡಿದರೆ, ವಾಲಿದ ಮೈಯನ್ನು ಹಿಂದಕ್ಕೆ ತರುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಎರಡನೆಯದು ತುಂಬಿದ ಕಾಲು, ಖಾಲಿ ಕಾಲು. ಒಂದು ಕೊಡದಿಂದ ಇನ್ನೊಂದಕ್ಕೆ ನೀರು ಸುರಿದಂತೆ ಮೈಭಾರವನ್ನೆಲ್ಲ ಎಡಗಾಲಿಗೆ ಸುರಿದು, ಬಲಗಾಲು ಪೂರಾ ಬರಿದಾದ ಮೇಲಷ್ಟೇ ಅದನ್ನು ಎತ್ತಬೇಕು. ನಾನು ಇಷ್ಟು ದಿನ ಅರ್ಧ ತುಂಬಿದ ಕಾಲನ್ನೇ ಎಳೆದಾಡುತ್ತಿದ್ದೆ.

1956ರಲ್ಲಿ ಚೀನಾದವರು ತಾಯ್ ಚಿಯ ಉದ್ದುದ್ದದ ವರಸೆಗಳನ್ನು 24ಕ್ಕೆ ಇಳಿಸಿದ್ದರು. ಒರೆಗಾನ್‌ನ ಸಂಶೋಧಕ ಫುಝಾಂಗ್ ಲಿ ಅದನ್ನೂ ಮುದುಕರಿಗೆಂದು ಎಂಟಕ್ಕೆ ತಂದರು. 2018ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ ಎಪ್ಪತ್ತು ದಾಟಿದ 670 ಜನರಿದ್ದರು. ಎಲ್ಲರೂ ಬೀಳುವ ಅಪಾಯವಿದ್ದವರು. ವಾರಕ್ಕೆರಡು ಗಂಟೆಯಂತೆ ಆರು ತಿಂಗಳು. ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ತಾಯ್ ಚಿ ಮಾಡಿದವರಲ್ಲಿ ಬೀಳುವುದು ಶೇ. 58ರಷ್ಟು ಕಡಿಮೆ. ನಡಿಗೆ, ಸ್ನಾಯುಬಲ ಎಲ್ಲ ಸೇರಿದ ವ್ಯಾಯಾಮಕ್ಕೆ ಹೋಲಿಸಿದರೂ ಶೇ. 31 ಕಡಿಮೆ.

ಆ ಎಂಟರಲ್ಲಿ ನನಗೆ ಇಷ್ಟವಾದದ್ದು ಮೋಡದಂತೆ ಕೈ ಬೀಸುವ ವರಸೆ. ಭಾರ ಪಕ್ಕಕ್ಕೆ ಸರಿಯುತ್ತದೆ, ಕೈ ತೇಲುತ್ತದೆ, ಕಣ್ಣು ಕೈಯ ಬೆನ್ನು ಹತ್ತುತ್ತದೆ, ಕತ್ತು ತಿರುಗುತ್ತದೆ. ಮೂರನೇ ವಾರ ಹೊಳೆಯಿತು: ಇದೇ ಅಲ್ಲವೇ ನಾನು ತಾರಸಿಯಲ್ಲಿ ಮಾಡಿದ್ದು, ಮಾಡಿ ಬಿದ್ದದ್ದು!

ಈಗ ಒಲೆಯ ಮುಂದೆ ಹಾಲು ಉಕ್ಕುವುದನ್ನು ಕಾಯುತ್ತಾ ಭಾರ ದಾಟಿಸುತ್ತೇನೆ. ಕೈಯಳತೆಯಲ್ಲಿ ಕಟ್ಟೆ ಇರುತ್ತದೆ. ಗೋಡೆ ಸವರುವುದು ನಿಂತಿದೆ. ಆದರೆ ಕೋತಿ ಓಡಿಸುವ ವರಸೆ ಇನ್ನೂ ಬಗ್ಗಿಲ್ಲ. ಊರಿನಲ್ಲಿ ಹಪ್ಪಳಕ್ಕೆ ಬಂದ ಕೋತಿಯನ್ನು ಕೋಲು ಹಿಡಿದು ಮುಂದೆ ನುಗ್ಗಿ ಓಡಿಸುತ್ತಿದ್ದೆ. ಇಲ್ಲಿ ಹಿಂದಕ್ಕೆ ಹೆಜ್ಜೆಯಿಡುತ್ತಾ ಓಡಿಸಬೇಕು. ಅದಕ್ಕೆ ಮಾತ್ರ ಕುರ್ಚಿ ಬೇಕೇ ಬೇಕು.