ಮುದ್ರಾರಾಕ್ಷಸನೂ ಜೀವಕೋಶವೂ

ನೆರೆಮನೆಯ ಹುಡುಗನೊಬ್ಬನು ಪರೀಕ್ಷೆಯ ಮುನ್ನಾದಿನ ಜಗಲಿಯ ಮೇಲೆ ಶತಪಥ ಹಾಕುತ್ತ, ಅಡಿನೀನಿಗೆ ಥೈಮೀನ್, ಗ್ವಾನೀನಿಗೆ ಸೈಟೋಸೀನ್ ಎಂದು ಮಗ್ಗಿಯ ರಾಗದಲ್ಲಿ ಉರು ಹೊಡೆಯುತ್ತಿದ್ದುದನ್ನು ಕೇಳಿ, “ಅಲ್ಲಪ್ಪ, ಅಡಿನೀನಿನ ಎದುರಿಗೆ ಸೈಟೋಸೀನ್ ಬಂದು ಕುಳಿತುಬಿಟ್ಟರೆ ಅದನ್ನು ಎಬ್ಬಿಸುವವರು ಯಾರು?” ಎಂದು ನಾನು ಕೇಳಿದೆನು. ಅವನು ಕನಿಕರದಿಂದ ನನ್ನನ್ನು ನೋಡಿ, “ಅದು ಕೂರೋದೇ ಇಲ್ಲ ತಾತ, ಜೋಡಿ ಆಗಲ್ಲವಲ್ಲ” ಎಂದನು. ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನ ಕೈಯಲ್ಲಿದ್ದ ಗೈಡಿನ ಚಿತ್ರದಲ್ಲಿ ಡಿ.ಎನ್.ಎ. ಜಿಪ್ಪಿನಂತೆ ಬಿಚ್ಚಿಕೊಂಡಿತ್ತು, ಬಿಡಿ ಅಕ್ಷರಗಳು ಸಂಜೆ ಕೊಟ್ಟಿಗೆಗೆ ಮರಳುವ ದನಗಳಂತೆ ತಂತಮ್ಮ ಗೂಟದ ಬಳಿ ತಾವೇ ಬಂದು ನಿಂತಿದ್ದವು.

ಜೋಡಿಯ ನಿಯಮವೊಂದಿದ್ದರೆ ಸಾಕು, ನಕಲು ತಾನಾಗಿಯೇ ನಿರ್ದುಷ್ಟವಾಗಿ ಸಿದ್ಧವಾಗುತ್ತದೆಂಬ ಈ ನಂಬಿಕೆಯಷ್ಟು ಅಂದವಾದ ಸುಳ್ಳು ಜೀವಶಾಸ್ತ್ರದಲ್ಲಿ ವಿರಳ. 1953ರಲ್ಲಿ ಜೋಡಿಸುರುಳಿಯ ರಚನೆಯನ್ನು ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ಕರೇ, ಅದೇ ವರ್ಷದ ತಮ್ಮ ಎರಡನೆಯ ಲೇಖನದಲ್ಲಿ, ಹೊಸ ಎಳೆಯನ್ನು ಹೆಣೆಯಲು ಪ್ರತ್ಯೇಕ ಕಿಣ್ವವೊಂದು ಬೇಕೋ ಅಥವಾ ಹಳೆಯ ಎಳೆಯೇ ಆ ಕೆಲಸವನ್ನು ನಿರ್ವಹಿಸೀತೋ ಎಂಬುದನ್ನು ಮುಂದೆ ಕಾಣಬೇಕಾದ ವಿಷಯವೆಂದು ಬಿಟ್ಟಿದ್ದರು. ಆರ್ಥರ್ ಕಾರ್ನ್‌ಬರ್ಗನು ಇ. ಕೋಲಿ ಬ್ಯಾಕ್ಟೀರಿಯಾದಿಂದ ಡಿ.ಎನ್.ಎ. ಪಾಲಿಮರೇಸ್ ಕಿಣ್ವವನ್ನು ಹೊರತೆಗೆದು, ಅದಕ್ಕಾಗಿ 1959ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದದ್ದರಿಂದ ಆ ಸಂದೇಹವು ತೀರಿಹೋಯಿತು. ಆದರೆ ತೀರಿಹೋದದ್ದು ನಮ್ಮ ಗೈಡುಗಳಿಗೆ ಇನ್ನೂ ತಿಳಿದಂತಿಲ್ಲ.

ಲೆಕ್ಕವನ್ನು ನೋಡೋಣ. ಜಲಜನಕ ಬಂಧಗಳ ಬಲಾಬಲವನ್ನಷ್ಟೇ ನೆಚ್ಚಿ ಜೋಡಿ ಕೂಡಿಸಿದರೆ ಸುಮಾರು ನೂರಕ್ಕೊಂದು ಅಕ್ಷರವು ತಪ್ಪಾದೀತು; ಏಕೆಂದರೆ ಸರಿಜೋಡಿಗೂ ತಪ್ಪುಜೋಡಿಗೂ ನಡುವಣ ಶಕ್ತಿಯ ವ್ಯತ್ಯಾಸವು ನಾವು ಊಹಿಸುವಷ್ಟು ದೊಡ್ಡದಲ್ಲ. ಮಾನವನ ಒಂದು ಕೋಶವು ಒಡೆಯುವಾಗ ಪ್ರತಿಯೊಂದು ಮರಿಕೋಶಕ್ಕೂ ಸುಮಾರು 640 ಕೋಟಿ ಅಕ್ಷರಗಳ ಹೊಸ ಎಳೆ ಬೇಕು. ನೂರಕ್ಕೊಂದರಂತೆ ಆರು ಕೋಟಿಗೂ ಮಿಕ್ಕಿ ತಪ್ಪುಗಳು! ಅಂಥ ನಕಲಿನಿಂದ ಮನುಷ್ಯನಿರಲಿ, ಬೂಷ್ಟು ಕೂಡ ಬೆಳೆಯಲಾರದು.

ಈ ತಪ್ಪುಗಳನ್ನು ತಗ್ಗಿಸುವ ಪಾಲಿಮರೇಸ್ ಆಕೃತಿಯಲ್ಲಿ ಅರ್ಧ ಮುಚ್ಚಿದ ಬಲಗೈಯನ್ನು ಹೋಲುತ್ತದೆ. ಅಂಗೈಯ ಮೇಲೆ ಎಳೆಯಿರುತ್ತದೆ, ಅಕ್ಷರವು ಬಂದು ಸೇರಿದಾಗ ಬೆರಳುಗಳು ಅದರ ಮೇಲೆ ಮಡಚಿಕೊಳ್ಳುತ್ತವೆ, ಮತ್ತು ಜೋಡಿಯ ಅಳತೆಯು ಆ ಮುಷ್ಟಿಗೆ ಒಗ್ಗಿದರೆ ಮಾತ್ರ ಬೆಸುಗೆಯು ಸುಲಭವಾಗಿ ನಡೆಯುತ್ತದೆ. ಎರಿಕ್ ಕೂಲ್ ಎಂಬ ಅಮೆರಿಕದ ರಸಾಯನವಿಜ್ಞಾನಿಯು ಥೈಮೀನಿನ ಆಕಾರವನ್ನೇ ತಳೆದ, ಆದರೆ ಜಲಜನಕ ಬಂಧಕ್ಕೆ ಒದಗದ ಕೃತಕ ಅಣುವೊಂದನ್ನು ಎಳೆಯಲ್ಲಿ ಸೇರಿಸಿ ಕಿಣ್ವದ ಮುಂದಿಟ್ಟನು. 1997ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಕಾರ್ನ್‌ಬರ್ಗನ ಕಿಣ್ವದ ತುಣುಕು ಅದರೆದುರಿಗೆ ತಪ್ಪದೆ ಅಡಿನೀನನ್ನೇ ತಂದು ಕೂರಿಸಿತು. ಬಂಧವಿಲ್ಲದೆಯೂ ಜೋಡಿ ಕೂಡಿತೆಂದ ಮೇಲೆ ಮಗ್ಗಿಯ ಗತಿಯೇನು?

ಈ ಮುಷ್ಟಿಯ ಪರೀಕ್ಷೆಯಿಂದ ತಪ್ಪು ಲಕ್ಷಕ್ಕೊಂದಕ್ಕೆ ಇಳಿಯುತ್ತದೆ, ಎಂದರೆ ನಮ್ಮ ಮರಿಕೋಶದಲ್ಲಿ ಇನ್ನೂ 64,000 ತಪ್ಪುಗಳು. ಅಚ್ಚುಕೂಟದ ಒಡನಾಟವುಳ್ಳವರಿಗೆ ಮುದ್ರಾರಾಕ್ಷಸನ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. ಮೊಳೆ ಜೋಡಿಸುವವನು ಎಷ್ಟೇ ನಿಪುಣನಾದರೂ ಕರಡು ತಿದ್ದುವವನಿಲ್ಲದೆ ಪುಸ್ತಕವು ಹೊರಡದು. ಇಲ್ಲಿ ಮೊಳೆ ಜೋಡಿಸುವವನೇ ಮೊದಲ ಕರಡನ್ನೂ ತಿದ್ದುತ್ತಾನೆ: ತಪ್ಪಾದ ಅಕ್ಷರವು ಸೇರಿದೊಡನೆ ಎಳೆಯ ತುದಿ ಹೊಂದದೆ ಬಿಚ್ಚಿಕೊಳ್ಳುತ್ತದೆ, ಕಿಣ್ವದ ಓಟವು ತಡವರಿಸುತ್ತದೆ, ಆ ತುದಿಯು ಅದೇ ಕಿಣ್ವದ ಮತ್ತೊಂದು ಕುಳಿಗೆ ಜಾರಿ ಅಲ್ಲಿ ಕತ್ತರಿಸಲ್ಪಡುತ್ತದೆ. ಉಳಿಯುವುದು ಸುಮಾರು 640. ನಕಲು ಮುಗಿದ ಬಳಿಕ ಬೇರೆಯದೇ ಆದ ಪ್ರೋಟೀನುಗಳ ತಂಡವೊಂದು ಎಳೆಯನ್ನು ತಡಕುತ್ತ ಹೋಗಿ, ಉಬ್ಬಿದಲ್ಲಿ ಹೊಸ ಎಳೆಯನ್ನಷ್ಟೇ ಕತ್ತರಿಸಿ ಮತ್ತೆ ಹೆಣೆಸುತ್ತದೆ. ಎರಡೆಳೆಗಳಲ್ಲಿ ತಪ್ಪು ಯಾವುದರದ್ದೆಂದು ಅದಕ್ಕೆ ತಿಳಿಯುವ ಬಗೆ ಹೇಗೆ? ಇ. ಕೋಲಿಯಲ್ಲಿ ಹಳೆಯ ಎಳೆಗೆ ಮೀಥೈಲಿನ ಮುದ್ರೆಯಿರುತ್ತದೆ, ಹೊಸದಕ್ಕೆ ಅದು ಬೀಳಲು ಕೊಂಚ ಹೊತ್ತು ಹಿಡಿಯುತ್ತದೆ, ಆ ಬಿಡುವಿನಲ್ಲಿಯೇ ತಿದ್ದುಪಡಿಯೆಲ್ಲ ಮುಗಿಯಬೇಕು. ಈ ಪ್ರಕರಣವನ್ನು ಬಿಡಿಸಿದ ಪಾಲ್ ಮಾಡ್ರಿಚ್‌ಗೆ 2015ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಮನುಷ್ಯರಲ್ಲಿ ಈ ತಂಡದ ಜೀನೊಂದು ಹುಟ್ಟಿನಿಂದಲೇ ಕೆಟ್ಟಿದ್ದರೆ, ಸಾಮಾನ್ಯಕ್ಕಿಂತ ಕಡಿಮೆ ವಯಸ್ಸಿನಲ್ಲಿಯೇ ದೊಡ್ಡ ಕರುಳಿನ ಕ್ಯಾನ್ಸರ್ ತಲೆದೋರುವ ಸಂಭವವು ಹೆಚ್ಚು.

ಇನ್ನುಳಿದ ನಂಬಿಕೆಗಳಿಗೆ ಇಷ್ಟು ತಾಳ್ಮೆ ನನ್ನಲ್ಲಿಲ್ಲ. ಉತ್ಪರಿವರ್ತನೆಯೆಲ್ಲವೂ ಕೇಡೆಂಬುದು ಸುಳ್ಳು, ಬಹುಪಾಲು ಉಪಕಾರವನ್ನೂ ಮಾಡದೆ ಅಪಕಾರವನ್ನೂ ಮಾಡದೆ ಬಿದ್ದಿರುತ್ತವೆ. ದೇಹದ ಕೋಶಗಳೆಲ್ಲ ಅಕ್ಷರಶಃ ಒಂದೇ ಎಂಬುದೂ ಸುಳ್ಳು.

ತಪ್ಪೇ ಮಾಡದ ಯಂತ್ರವೆಂದು ನಂಬಿದವನು, ತಪ್ಪಾಯಿತೆಂದು ಕೇಳಿದೊಡನೆ ಹೊರಗಿನ ಕಳ್ಳನನ್ನು ಹುಡುಕಲು ಹೊರಡುತ್ತಾನೆ. ಬಿಸಿಲಿನಿಂದಲೂ ತಂಬಾಕಿನಿಂದಲೂ ಹಾನಿಯಾಗುವುದು ನಿಜ. ಆದರೆ ಒಳ್ಳೆಯ ನೀರನ್ನು ಕುಡಿದು ನೆರಳಿನಲ್ಲಿ ಕುಳಿತವನ ಕೋಶವೂ ತಪ್ಪುತ್ತದೆಂಬ ಮಾತನ್ನು ಕೇಳುವವರಿಲ್ಲ. ಈಚೆಗೆ ಸಭೆಯೊಂದರಲ್ಲಿ ಮಹಾಶಯರೊಬ್ಬರು, ಪ್ರಕೃತಿಯು ಎಂದಿಗೂ ತಪ್ಪದು, ತಪ್ಪಿಸುವವರು ನಾವೇ ಎಂದು ಅರ್ಧ ಗಂಟೆ ಉಪದೇಶಿಸಿ, ಕೊನೆಯಲ್ಲಿ ಡಿ.ಎನ್.ಎ.ಯನ್ನು ಶುದ್ಧಿಗೊಳಿಸುವ ಚೂರ್ಣದ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಪದವೀಧರರೇ ಸಾಲುಗಟ್ಟಿ ಕೊಂಡರು. ಆ ಚೂರ್ಣಕ್ಕೆ ಹಳೆಯ ಎಳೆ ಯಾವುದು, ಹೊಸದು ಯಾವುದು ಎಂದು ಗೊತ್ತಾಗುವುದು ಹೇಗೆಂದು ಒಬ್ಬರೂ ಕೇಳಲಿಲ್ಲ.

ಮೂರು ಸಲದ ಪರೀಕ್ಷೆಯಾದ ಮೇಲೂ ಒಂದು ಕೋಶವಿಭಜನೆಯಲ್ಲಿ ಐದಾರು ತಪ್ಪುಗಳು ಉಳಿದಾವು, ಕೆಲವೊಮ್ಮೆ ಅದಕ್ಕೂ ಕಡಿಮೆ. ತಂದೆಯಲ್ಲಿಯೂ ಇಲ್ಲದ, ತಾಯಿಯಲ್ಲಿಯೂ ಇಲ್ಲದ ಐವತ್ತರಿಂದ ಎಪ್ಪತ್ತು ಹೊಸ ಅಕ್ಷರಗಳನ್ನು ಹೊತ್ತೇ ಪ್ರತಿಯೊಂದು ಮಗುವೂ ಹುಟ್ಟುತ್ತದೆ. ಇದನ್ನು ಓದುತ್ತಿರುವ ನೀವೂ ಹಾಗೆಯೇ ಹುಟ್ಟಿದವರು.