ಅನ್ನ ಬಿಟ್ಟವರ ನಾಲ್ಕು ಹಂತ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಯಾವ ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಈಗ ಒಬ್ಬರಾದರೂ ಎಲೆಗೆ ಕೈ ಅಡ್ಡ ಹಿಡಿದು, ‘ಅನ್ನ ಬೇಡ, ಪಲ್ಯ ಇನ್ನೊಂದು ಸೌಟು ಹಾಕಿ’ ಅನ್ನುತ್ತಾರೆ. ಬಡಿಸುವವರು ಕಾರಣ ಕೇಳುವುದಿಲ್ಲ. ಶುಗರ್ ಇರಬೇಕು, ಇಲ್ಲವೇ ಡಯಟ್ ಇರಬೇಕು ಎಂದು ಅವರಿಗೇ ಗೊತ್ತು. ಇದೇ ಊರುಗಳಲ್ಲಿ ಅಜ್ಜ-ಅಜ್ಜಿಯರ ಕಾಲಕ್ಕೆ ಅನ್ನವೆಂದರೆ ಹಬ್ಬ. ದಿನದ ಊಟ ಮುದ್ದೆ. ಎಲೆಗೆ ಬಂದ ಅನ್ನವನ್ನು ಬೇಡವೆನ್ನುವುದು ಯಾರಿಗೂ ಹೊಳೆಯುತ್ತಿರಲಿಲ್ಲ. ಈ ‘ಬೇಡ’ದ ಹುಟ್ಟು ಹುಡುಕುತ್ತ ಹೋದರೆ ದಾರಿ ಲಂಡನ್ನಿನಲ್ಲಿ, ರಾಜಮನೆತನದ ಶವಸಂಸ್ಕಾರಗಳನ್ನು ನಡೆಸಿಕೊಡುತ್ತಿದ್ದ ಒಂದು ಕುಟುಂಬಕ್ಕೆ ಮುಟ್ಟುತ್ತದೆ.

ಆ ಕುಟುಂಬದ ವಿಲಿಯಂ ಬ್ಯಾಂಟಿಂಗ್ ತನ್ನ ಅರವತ್ತರ ದಶಕದಲ್ಲಿ ಸುಮಾರು 92 ಕಿಲೋ ತೂಗುತ್ತಿದ್ದ. ಎತ್ತರ ಐದೂವರೆ ಅಡಿಗೂ ಕಡಿಮೆ. ದೋಣಿ ಹುಟ್ಟು ಹಾಕಿದ, ಹಬೆಸ್ನಾನ ಮಾಡಿದ, ಉಪವಾಸವಿದ್ದ. ಯಾವುದರಿಂದಲೂ ಫಲ ಸಿಗಲಿಲ್ಲ. ಕೊನೆಗೆ ಕಿವಿ ಮಂದವಾಯಿತೆಂದು 1862ರಲ್ಲಿ ವೈದ್ಯ ವಿಲಿಯಂ ಹಾರ್ವೆಯ ಬಳಿ ಹೋದ. ಹಾರ್ವೆ ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡ್ ಅವರ ಉಪನ್ಯಾಸ ಕೇಳಿ ಬಂದಿದ್ದವರು. ಯಕೃತ್ತು ತಾನೇ ಸಕ್ಕರೆ ತಯಾರಿಸುತ್ತದೆ ಎಂದು ತೋರಿಸಿದ ವಿಜ್ಞಾನಿ ಬರ್ನಾರ್ಡ್. ಅದರ ಜಾಡು ಹಿಡಿದು ಹಾರ್ವೆ ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಲು ಹೇಳಿದರು. ವರ್ಷದೊಳಗೆ ಬ್ಯಾಂಟಿಂಗ್ ಸುಮಾರು 21 ಕಿಲೋ ಇಳಿದ. 1863ರಲ್ಲಿ ತನ್ನ ಅನುಭವವನ್ನು ಒಂದು ಸಣ್ಣ ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಹಂಚಿದ. ಕಡಿಮೆ ಪಿಷ್ಟದ ಪಥ್ಯವನ್ನು ಜನಸಾಮಾನ್ಯರ ಕೈಗೆ ತಲುಪಿಸಿದ ಮೊದಲ ಬರಹಗಳಲ್ಲಿ ಅದು ಮುಖ್ಯವಾದದ್ದು, ಮತ್ತು ಅದನ್ನು ಬರೆದವನು ವೈದ್ಯನಲ್ಲ, ರೋಗಿ.

ಈ ಪಥ್ಯಕ್ಕೆ ಹಂತಗಳು ಸೇರಿದ್ದು ನೂರು ವರ್ಷ ಕಳೆದ ಮೇಲೆ. ನ್ಯೂಯಾರ್ಕಿನ ಹೃದ್ರೋಗ ವೈದ್ಯ ರಾಬರ್ಟ್ ಅಟ್ಕಿನ್ಸ್ 1963ರಲ್ಲಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡು, 1972ರಲ್ಲಿ ಪುಸ್ತಕ ತಂದರು. ಅವರ ಕ್ರಮ ಬರಬರುತ್ತ ನಾಲ್ಕು ಮೆಟ್ಟಿಲುಗಳಲ್ಲಿ ನೆಲೆ ನಿಂತಿತು. ಮೊದಲ ಎರಡು ವಾರ, ನಾರು ಬಿಟ್ಟು ಲೆಕ್ಕ ಹಾಕಿದ ಕಾರ್ಬೋಹೈಡ್ರೇಟ್ ದಿನಕ್ಕೆ ಸುಮಾರು 20 ಗ್ರಾಂ ಮಾತ್ರ. ಎರಡನೆಯದರಲ್ಲಿ ವಾರಕ್ಕೆ ಐದೈದು ಗ್ರಾಂ ಏರಿಕೆ. ಗುರಿ ಹತ್ತಿರ ಬಂದಾಗ ಇನ್ನಷ್ಟು ಏರಿಸಿ, ತೂಕ ಎಲ್ಲಿ ನಿಲ್ಲುತ್ತದೆಂದು ನೋಡಿಕೊಳ್ಳುವುದು ಮೂರನೆಯದು. ಕೊನೆಯದು ಬದುಕಿಡೀ ಪಾಲಿಸುವ ಊಟ. 2003ರಲ್ಲಿ ಮಯಾಮಿಯ ಇನ್ನೊಬ್ಬ ಹೃದ್ರೋಗ ತಜ್ಞ ಆರ್ಥರ್ ಅಗಾಟ್‌ಸ್ಟನ್ ‘ಸೌತ್ ಬೀಚ್’ ಹೆಸರಿನಲ್ಲಿ ಮೂರು ಹಂತದ, ಕೊಬ್ಬಿನ ವಿಷಯದಲ್ಲಿ ಹೆಚ್ಚು ಎಚ್ಚರದ ಕ್ರಮ ಕೊಟ್ಟರು. ಆಮೇಲೆ ಹೆಸರು ಮಾಡಿದ್ದು ಕೀಟೊ. ಅದು 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಮೂರ್ಛೆರೋಗಕ್ಕೆಂದು ಸೂಚಿಸಿದ್ದ ಪಥ್ಯ. ಮೊಬೈಲಿನ ಕಾಲಕ್ಕೆ ತೂಕ ಇಳಿಸುವ ಪಥ್ಯವಾಗಿ ನಮ್ಮ ಹಳ್ಳಿಗಳಿಗೂ ತಲುಪಿತು.

ಈಗ ಆ 20 ಗ್ರಾಂ ಅನ್ನು ನಮ್ಮ ತಟ್ಟೆಗೆ ತರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ನಾರು ಕಳೆದು ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಅಂದರೆ ಮೂವತ್ತು ಗ್ರಾಂ ಹಿಟ್ಟಿಗೇ ದಿನದ ಲೆಕ್ಕ ಮುಗಿಯಿತು. ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಹಿಡಿದರೆ ಅದರ ಮೂರನೇ ಒಂದು ಪಾಲೂ ಇಲ್ಲ. ಅಟ್ಕಿನ್ಸ್ ಹೇಳಿದ ಮೊದಲ ಹಂತ ಮಾಂಸ, ಮೊಟ್ಟೆ, ಚೀಸ್ ದಿನವೂ ಸಿಗುವ ಮನೆಯದು. ಸೋಮವಾರ, ಶನಿವಾರ ಬಾಡು ಮುಟ್ಟದ, ಶ್ರಾವಣ ಪೂರ್ತಿ ಮೊಟ್ಟೆಯನ್ನೂ ಒಳಗೆ ತರದ ಮನೆಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಅಲ್ಲಿ ಪ್ರೋಟೀನಿನ ಆಸರೆ ಎಂದರೆ ಹುರುಳಿ, ಅವರೆ, ಅಲಸಂದೆ, ತೊಗರಿ. ಹುರುಳಿಯಲ್ಲಿ ನೂರಕ್ಕೆ ಸುಮಾರು 22 ಗ್ರಾಂ ಪ್ರೋಟೀನ್ ಇದ್ದರೂ ಜೊತೆಗೆ 57 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಆದ್ದರಿಂದ ಅಟ್ಕಿನ್ಸ್ ಪುಸ್ತಕವನ್ನು ಅಕ್ಷರಶಃ ಹಿಡಿದು ಹೊರಟವರು ಇಲ್ಲಿ ಹತ್ತು ದಿನಕ್ಕೇ ಸೋಲುವುದು ಅವರ ಮನಸ್ಸಿನ ದೌರ್ಬಲ್ಯ ಅಲ್ಲ. ಆ ಕ್ರಮ ಈ ಅಡುಗೆಮನೆಗೆ ಹೊಲಿದ ಅಂಗಿಯಲ್ಲ.

ಮೊದಲ ವಾರದ ಇಳಿಕೆಯ ಬಗ್ಗೆಯೂ ಒಂದು ಮಾತು. ಪಿಷ್ಟ ನಿಲ್ಲಿಸಿದ ಕೂಡಲೇ ದೇಹ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಖರ್ಚು ಮಾಡುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಹೀಗಾಗಿ ವಾರದೊಳಗೆ ಎರಡು ಕಿಲೋ ಇಳಿದರೆ ಅದರಲ್ಲಿ ಬಹುಪಾಲು ನೀರು, ಕೊಬ್ಬಲ್ಲ. ಮತ್ತೆ ಅನ್ನ ಉಂಡ ದಿನ ಅದು ಹಿಂದಿರುಗುತ್ತದೆ. ‘ಎರಡೇ ವಾರದಲ್ಲಿ ಐದು ಕಿಲೋ’ ಎಂಬ ಜಾಹೀರಾತುಗಳೆಲ್ಲ ನಿಂತಿರುವುದು ಈ ನೀರಿನ ಮೇಲೆ.

ದೀರ್ಘಕಾಲದ ಫಲ ಇನ್ನೂ ಸಾಧಾರಣ. 2003ರಲ್ಲಿ ಅಮೆರಿಕದಲ್ಲಿ 63 ಜನರ ಮೇಲೆ ನಡೆದ ಅಧ್ಯಯನದಲ್ಲಿ ಕಡಿಮೆ ಕಾರ್ಬ್ ತಿಂದವರು ತೂಕದ ಇಳಿಕೆಯಲ್ಲಿ ಆರು ತಿಂಗಳಿಗೆ ಕಡಿಮೆ ಕೊಬ್ಬು ತಿಂದವರಿಗಿಂತ ಮುಂದಿದ್ದರು. ವರ್ಷ ತುಂಬುವ ಹೊತ್ತಿಗೆ ಆ ಅಂತರ ಗಣ್ಯವಾಗಿ ಉಳಿದಿರಲಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನು ವರ್ಷವಿಡೀ ನೋಡಿತು. ಕಡಿಮೆ ಕೊಬ್ಬು ತಿಂದವರು ಸರಾಸರಿ 5.3 ಕಿಲೋ ಇಳಿದರು, ಕಡಿಮೆ ಕಾರ್ಬ್ ತಿಂದವರು 6 ಕಿಲೋ. ಎರಡೂ ಗುಂಪಿಗೆ ಸಕ್ಕರೆ, ಮೈದಾ ಬಿಟ್ಟು ತರಕಾರಿ ಹೆಚ್ಚಿಸಲು ಹೇಳಲಾಗಿತ್ತು ಎಂಬುದನ್ನು ಮರೆಯಬಾರದು.

ಹಾಗಾದರೆ ಈ ವಿಷಯ ನಮಗೆ ಬೇಡವೇ? ಬೇಕು, ನಮಗೇ ಹೆಚ್ಚು ಬೇಕು. ಈ ಸೀಮೆಯ ತಟ್ಟೆ ಮತ್ತು ಕೆಲಸ ಎರಡೂ ಒಂದೇ ತಲೆಮಾರಿನಲ್ಲಿ ಬದಲಾಗಿವೆ. ಆಷಾಢದ ಮಳೆಗೆ ರಾಗಿ ಬಿತ್ತಿ, ಕುಂಟೆ ಹೊಡೆದು, ಕಳೆ ತೆಗೆದು, ಕಾರ್ತಿಕದಲ್ಲಿ ಕೊಯ್ದು, ಕಣ ಮಾಡುತ್ತಿದ್ದ ಮೈಗೆ ಎರಡು ಮುದ್ದೆ ಹೆಚ್ಚಾಗಿರಲಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಸುತ್ತಲ ಹೊಲಗಳು ಲೇಔಟ್ ಆದವು. ಹೊಸಕೋಟೆ, ನೆಲಮಂಗಲದ ಹೆದ್ದಾರಿಗಳಲ್ಲಿ ಗೋದಾಮುಗಳು ಎದ್ದವು. ಹೊಲದ ಮಕ್ಕಳು ಕ್ಯಾಬಿನ ಸೀಟಿನಲ್ಲಿ, ಸೆಕ್ಯುರಿಟಿ ಕುರ್ಚಿಯಲ್ಲಿ, ರಾತ್ರಿ ಪಾಳಿಯಲ್ಲಿ ಕೂತರು. ಊಟ ಮಾತ್ರ ನೇಗಿಲು ಹಿಡಿದವರ ಅಳತೆಯಲ್ಲೇ ಉಳಿಯಿತು, ಮೇಲೆ ಬೇಕರಿಯ ಬನ್ನು, ಸಕ್ಕರೆ ಟೀ, ಬೆಳಕು ಹರಿಯುವ ಮೊದಲೇ ಹೊಸಕೋಟೆಯಲ್ಲಿ ಸಾಲು ನಿಂತು ತಿನ್ನುವ ದಮ್ ಬಿರಿಯಾನಿ ಸೇರಿಕೊಂಡವು. 2013ರ ಜುಲೈನಲ್ಲಿ ಬಂದ ಅನ್ನಭಾಗ್ಯ ಅಕ್ಕಿಯನ್ನು ಬಹಳಷ್ಟು ಬಡ ಮನೆಗಳ ದಿನದ ಊಟ ಮಾಡಿತು. ಹಸಿವನ್ನು ನೀಗಿಸಿದ ಆ ಯೋಜನೆಯ ಬಗ್ಗೆ ನನಗೆ ಗೌರವವೇ ಇದೆ. ಆದರೆ ಅಕ್ಕಿ ಹೆಚ್ಚಿದಷ್ಟು ಕಾಳು ಹೆಚ್ಚಲಿಲ್ಲ.

ಇದರ ಪರಿಣಾಮವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆ ಅಂಕಿಗಳಲ್ಲಿ ಕಾಣಿಸಿತು. 2023ರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆ. 2025ರಲ್ಲಿ ಪ್ರಕಟವಾದ ಅದರ ಆಹಾರದ ವರದಿ 18,090 ವಯಸ್ಕರ ಊಟವನ್ನು ಕೇಳಿ ದಾಖಲಿಸಿ, ನಮ್ಮ ಶಕ್ತಿಯಲ್ಲಿ ಶೇ 62 ಕಾರ್ಬೋಹೈಡ್ರೇಟಿನಿಂದಲೇ ಬರುತ್ತಿದೆ, ಪ್ರೋಟೀನಿನಿಂದ ಬರುವುದು ಶೇ 12 ಮಾತ್ರ ಎಂದಿತು. ಅದೇ ವರದಿಯ ಇನ್ನೊಂದು ಮಾತು ರಾಗಿ ಸೀಮೆಯ ನಾವು ಮನಸ್ಸಿಟ್ಟು ಕೇಳಬೇಕಾದದ್ದು: ಪಾಲಿಶ್ ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ಇಟ್ಟ ಮಾತ್ರಕ್ಕೆ ಮಧುಮೇಹದ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ. ದಿನದ ಒಟ್ಟು ಶಕ್ತಿಯಲ್ಲಿ ಶೇ 5ರಷ್ಟನ್ನು ಕಾರ್ಬೋಹೈಡ್ರೇಟಿನಿಂದ ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನಿಗೆ ಬದಲಿಸಿದರೆ ಅಪಾಯ ಕಡಿಮೆ ಎಂದು ಲೆಕ್ಕ ತೋರಿಸಿತು.

ಅನ್ನ ಬಿಟ್ಟು ಮೂರು ಮುದ್ದೆ ಉಣ್ಣುತ್ತ ‘ರಾಗಿ ತಾನೇ, ಎಷ್ಟು ತಿಂದರೂ ಆಗುತ್ತೆ’ ಎನ್ನುವವರು ನಮ್ಮಲ್ಲಿ ಬಹಳ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಆರು ತಿಂಗಳ ಸೆರೆಯಲ್ಲೂ ಕೆಡದೆ ಉಳಿದು ರಾಗಿ ಭತ್ತವನ್ನು ಗೆದ್ದಿತು. ಕ್ಯಾಲ್ಸಿಯಂ, ನಾರಿನಲ್ಲಿ ಇಂದಿಗೂ ಅದೇ ಗೆಲ್ಲುತ್ತದೆ. ಕಾರ್ಬ್ ಲೆಕ್ಕದಲ್ಲಿ ಮಾತ್ರ ನೂರು ಗ್ರಾಮಿಗೆ ಅಕ್ಕಿ 78, ರಾಗಿ 67. ಆ ಹನ್ನೊಂದು ಗ್ರಾಮಿನ ಉಳಿತಾಯ ಎರಡನೇ ಮುದ್ದೆ ಮುರಿಯುವ ಹೊತ್ತಿಗೆ ಮಾಯ.

ನನ್ನ ಅಭಿಪ್ರಾಯದಲ್ಲಿ ಅಟ್ಕಿನ್ಸ್ ಬಿಟ್ಟುಹೋದ ನಿಜವಾದ ಆಸ್ತಿ ಆ 20 ಗ್ರಾಂ ಅಲ್ಲ, ಹಂತಗಳ ಕಲ್ಪನೆ. ಬಿಟ್ಟದ್ದನ್ನು ಒಂದೊಂದಾಗಿ ಮತ್ತೆ ಸೇರಿಸುತ್ತ, ತನ್ನ ಮೈ ಎಷ್ಟನ್ನು ತಾಳುತ್ತದೆಂದು ತಾನೇ ಕಂಡುಕೊಳ್ಳುವುದು. ನಮ್ಮ ಮನೆಗಳಿಗೆ ಅದನ್ನು ಒಗ್ಗಿಸುವುದು ಕಷ್ಟವಲ್ಲ. ಮೊದಲ ಕೆಲವು ವಾರ ಟೀಗೆ ಹಾಕುವ ಸಕ್ಕರೆ, ಬನ್ನು, ಬಿಸ್ಕತ್ತು, ಕೂಲ್ ಡ್ರಿಂಕ್, ರಾತ್ರಿಯ ಅನ್ನ ನಿಲ್ಲಲಿ. ಅದು ರೂಢಿಯಾದ ಮೇಲೆ ಮುದ್ದೆ ಅರ್ಧಕ್ಕೆ ಇಳಿಯಲಿ, ಬಸ್ಸಾರಿನ ಸೊಪ್ಪು-ಕಾಳು ಇಮ್ಮಡಿಯಾಗಲಿ, ಮಸ್ಸೊಪ್ಪು, ಹುರುಳಿಸಾರಿನ ಗಟ್ಟಿ ಭಾಗ, ಮೊಸರು, ಒಪ್ಪುವವರಿಗೆ ಮೊಟ್ಟೆ ಬರಲಿ. ಡಿಸೆಂಬರ್, ಜನವರಿಯ ಅವರೆಕಾಳಿನ ಸುಗ್ಗಿ ಇದಕ್ಕೆ ಹೇಳಿ ಮಾಡಿಸಿದ ಕಾಲ. ಆಮೇಲೆ ವಾರಕ್ಕೊಂದು ಪದಾರ್ಥ ಹಿಂದಿರುಗಲಿ, ಸೊಂಟದ ಅಳತೆ ನೋಡುತ್ತ. ಕೊನೆಯ ಹಂತಕ್ಕೆ 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿಯೇ ಅಳತೆ: 2000 ಕ್ಯಾಲೊರಿಯ ದಿನಕ್ಕೆ ಎಲ್ಲ ಧಾನ್ಯ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ. ಎರಡು ಮುದ್ದೆ, ಒಂದು ಹಿಡಿ ಅಕ್ಕಿಯ ಅನ್ನ ಅದರೊಳಗೆ ಆರಾಮವಾಗಿ ಕೂರುತ್ತವೆ. ತೂಕ ಇಳಿಸಬೇಕಾದವರಿಗೆ ಇದಕ್ಕಿಂತ ಕಡಿಮೆ ಸಾಕು.

ಆದರೆ ಒಂದು ಎಚ್ಚರಿಕೆ. ಮಧುಮೇಹಕ್ಕೆ ಇನ್ಸುಲಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಹೇಳದೆ ಕೇಳದೆ ಅನ್ನ-ಮುದ್ದೆ ನಿಲ್ಲಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯವರು ಕಾರ್ಬ್ ತೀರಾ ಇಳಿಸಿದರೆ, ಸಕ್ಕರೆ ಸರಿಯಾಗಿ ಕಂಡರೂ ರಕ್ತ ಆಮ್ಲವಾಗುವ ಗಂಡಾಂತರವಿದೆ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು, ಮಕ್ಕಳು ತಾವಾಗಿಯೇ ಇದಕ್ಕೆ ಕೈ ಹಾಕಬಾರದು.

ಗಂಡಸರ ಸೊಂಟ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ಮುಟ್ಟಿದ್ದರೆ ತಕ್ಕಡಿ ಏನೇ ಹೇಳಲಿ, ಎಚ್ಚರವಾಗಬೇಕು. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿ.ಪಿ. ತಪಾಸಣೆ ಉಚಿತ. ಪಥ್ಯ ಶುರು ಮಾಡುವ ಮೊದಲು ಅಲ್ಲಿಗೆ ಹೋಗಿ ಬನ್ನಿ, ತಿನ್ನುತ್ತಿರುವ ಮಾತ್ರೆಯ ಚೀಟಿಯನ್ನೂ ಜೊತೆಗೆ ಒಯ್ಯಿರಿ.